ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಮಿಂಟ್: ಕಲಬುರಗಿಯ ಒಂದು ಟೈಪಿಂಗ್ ಅಂಗಡಿಯ ಅನುಭವ

ಕಲಬುರಗಿಯ ಮಿನಿ ವಿಧಾನಸೌಧದ ಆಸುಪಾಸಿನಲ್ಲಿ ಅರ್ಜಿ, ಅಫಿಡವಿಟ್, 371(ಜೆ) ನಮೂನೆ ಟೈಪ್ ಮಾಡಿಕೊಡುವ ಹತ್ತಾರು ಅಂಗಡಿಗಳಿದ್ದು, ಅವುಗಳಲ್ಲಿ ನಮ್ಮದೂ ಒಂದು. ನಾನು ಕೂರುವ ಕಂಪ್ಯೂಟರನ್ನು 2014ರಲ್ಲಿ ಕೊಂಡದ್ದು. ಅದರಲ್ಲಿ ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ಮೆಮೊರಿ ಮತ್ತು ವಿಂಡೋಸ್ 10 ಇವೆ. ಬೇಸಿಗೆಯ ಸೆಕೆಯನ್ನೂ ಧೂಳನ್ನೂ ಹನ್ನೊಂದು ವರ್ಷ ತಡೆದುಕೊಂಡ ಯಂತ್ರ ಅದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ಮೇಲಿನದಾಗಿರಬೇಕು ಎನ್ನುತ್ತದೆ. ನನ್ನ ಬಳಿ ಎರಡೂ ಇಲ್ಲ. ಕೆಟ್ಟಿಲ್ಲದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪದ ಕಾರಣ ವಿಂಡೋಸ್‌ನಂತೆಯೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ 22.2ನ್ನು ವಿಂಡೋಸ್ ಜೊತೆಗೇ ಇಟ್ಟು ನೋಡಿದೆ. ಆರು ತಿಂಗಳ ಬಳಕೆಯ ನಂತರ ಈ ವಿಮರ್ಶೆ ಬರೆಯುತ್ತಿದ್ದೇನೆ.

ಇಲ್ಲಿ ಮಿಂಟ್‌ನ ಅಂದಚಂದಕ್ಕಿಂತ ಅದನ್ನು ಪರೀಕ್ಷಿಸುವ ಕ್ರಮದ ಬಗ್ಗೆಯೇ ಹೆಚ್ಚು ಬರೆಯುತ್ತೇನೆ, ಏಕೆಂದರೆ ನಾನು ಕಂಡ ಹೆಚ್ಚಿನ ಅನಾಹುತಗಳು ಲಿನಕ್ಸ್ ಕೆಟ್ಟದ್ದರಿಂದ ಆದವಲ್ಲ, ಅವಸರದಿಂದ ಆದವು. ಸುರಕ್ಷಿತ ಎಂದರೆ ನನ್ನ ಲೆಕ್ಕದಲ್ಲಿ ಇಷ್ಟೇ: ರಾತ್ರಿ ಏನೇ ಪ್ರಯೋಗ ಮಾಡಿದರೂ ಬೆಳಿಗ್ಗೆ 10 ಗಂಟೆಗೆ ಮೊದಲ ಗಿರಾಕಿ ಬಂದು ನಿಂತಾಗ ಹಳೆಯ ವ್ಯವಸ್ಥೆ ಎಂದಿನಂತೆ ತೆರೆದುಕೊಳ್ಳಬೇಕು.

ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಮಿಂಟ್ ನಡೆಸಿ ನೋಡುವ ಸೌಲಭ್ಯವಿದ್ದು, ಅದಕ್ಕೆ ಲೈವ್ ಎನ್ನುತ್ತಾರೆ. ಇದಕ್ಕೆ ಬೇಕಾದ ಕಡತ ಮೂರು ಜಿಬಿಗೆ ಸ್ವಲ್ಪ ಕಡಿಮೆ. ಮೊದಲ ಸಲ ಇಳಿಸಿಕೊಳ್ಳುವಾಗ ನಡುವೆ ಕರೆಂಟು ಹೋಗಿ ಬಂತು. ಕಡತ ಮಾತ್ರ ಪೂರ್ತಿ ಬಂದಂತೆಯೇ ಕಂಡಿತು. ಆದರೂ ಮಿಂಟ್‌ನವರು ಕಡತದ ಜೊತೆ ಪ್ರಕಟಿಸುವ ಎಸ್‌ಎಚ್‌ಎ-256 ಮೊತ್ತದೊಡನೆ (ಕಡತದ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿದಾಗ ಸಂಖ್ಯೆ ತಾಳೆಯಾಗಲಿಲ್ಲ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆಯಿಂದ ಈ ಮೊತ್ತವನ್ನು ಒಂದು ನಿಮಿಷದಲ್ಲಿ ತೆಗೆಯಬಹುದು. ಇದನ್ನು ಶಾಸ್ತ್ರಕ್ಕೆ ಮಾಡುವ ಕೆಲಸ ಎಂದುಕೊಳ್ಳುವವರು ನೆನಪಿಡಬೇಕಾದ ಸಂಗತಿಯೊಂದಿದೆ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ಕನ್ನ ಬಿದ್ದು, ಕಳ್ಳಬಾಗಿಲು ಸೇರಿಸಿದ ನಕಲಿ ಕಡತಕ್ಕೆ ಕೊಂಡಿಯನ್ನು ತಿರುಗಿಸಲಾಗಿತ್ತು. ನಾನು ಎರಡನೇ ಸಲ ರಾತ್ರಿಯಿಡೀ ಬಿಟ್ಟು ಇಳಿಸಿದ ಕಡತ ತಾಳೆಯಾಯಿತು. ಅದನ್ನು ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ತಂತ್ರಾಂಶ ಪೆನ್‌ಡ್ರೈವ್‌ನಲ್ಲಿರುವ ಎಲ್ಲವನ್ನೂ ಅಳಿಸಿಬಿಡುವುದರಿಂದ, ಆ ಹೊತ್ತಿಗೆ ಬೇರೆ ಯಾವ ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕ್ ಸಿಕ್ಕಿಸಿರದಂತೆ ನೋಡಿಕೊಳ್ಳುವುದು ಒಳ್ಳೆಯದು.

ಲೈವ್‌ನಲ್ಲಿ ವೇಗದ ಬಗ್ಗೆ ತೀರ್ಪು ಕೊಡಬಾರದು. ಪೆನ್‌ಡ್ರೈವ್ ಎಷ್ಟು ನಿಧಾನವೋ ಅದೂ ಅಷ್ಟೇ ನಿಧಾನ. ಅಲ್ಲಿ ನೋಡಬೇಕಾದದ್ದು ಯಂತ್ರಾಂಶವನ್ನು. ನಮ್ಮ ಸ್ಕ್ಯಾನರ್ ಯಾವ ಡ್ರೈವರ್ ಕೇಳದೆಯೂ ನಡೆಯಿತು. ಹಳೆಯ ಲೇಸರ್ ಪ್ರಿಂಟರ್ ಮಾತ್ರ ಎರಡು ಸಂಜೆ ಕಾಡಿತು. ಹೊಸ ಇಂಕ್‌ಟ್ಯಾಂಕ್ ಪ್ರಿಂಟರ್ ವೈಫೈ ಮೂಲಕ ತಾನಾಗಿ ಪತ್ತೆಯಾಯಿತು. ಕನ್ನಡ ಟೈಪಿಂಗನ್ನೂ ಲೈವ್‌ನಲ್ಲೇ ನೋಡಿಬಿಡಬಹುದು. ಐಬಸ್ ಎಂಬ ಬರವಣಿಗೆಯ ಸಾಧನದೊಂದಿಗೆ ಎಂ17ಎನ್ ಕಟ್ಟನ್ನು ಸೇರಿಸಿಕೊಂಡರೆ ಅದರಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಇದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಅಂದರೆ ನಾವು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬಳಸುವುದೇ. ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುವ ಬೆರಳಿಗೆ ಹೊಸದೇನನ್ನೂ ಕಲಿಸಬೇಕಾಗಲಿಲ್ಲ. ಯಂತ್ರ ಬಂದ್ ಮಾಡಿದ ಕೂಡಲೇ ಲೈವ್‌ನಲ್ಲಿ ಮಾಡಿದ್ದೆಲ್ಲ ಮರೆಯಾಗುತ್ತದೆ ಎಂಬುದನ್ನು ಕೆಲವರು ಕುಂದೆಂದು ಹೇಳುತ್ತಾರೆ. ಹೆದರುತ್ತಾ ಕೂತವನಿಗೆ ಅದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ.

ಲೈವ್ ನಂತರ ಹೆಚ್ಚಿನವರು ನೇರವಾಗಿ ವಿಂಡೋಸ್ ಇರುವ ಡಿಸ್ಕಿನಲ್ಲೇ ಜಾಗ ಕತ್ತರಿಸಲು ಹೊರಡುತ್ತಾರೆ. ನಾನು ಹಾಗೆ ಮಾಡದೆ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ 240 ಜಿಬಿಯ ಒಂದು ಎಸ್‌ಎಸ್‌ಡಿ ತಂದೆ. ಈ ಇಡೀ ಪ್ರಯೋಗದಲ್ಲಿ ನಾನು ಮಾಡಿದ ಏಕೈಕ ಖರ್ಚು ಅದು, ಸಾರ್ಥಕವಾದ ಖರ್ಚೂ ಹೌದು. ಒಂದು ಭಾನುವಾರ ಕ್ಯಾಬಿನೆಟ್ ಬಿಚ್ಚಿ, ಬೆರಳ ದಪ್ಪ ಕೂತಿದ್ದ ಧೂಳನ್ನು ಮೊದಲು ಬ್ರಷ್ಷಿನಿಂದ ತೆಗೆದೆ. ಡಿವಿಡಿ ಡ್ರೈವಿಗೆ ಹೋಗಿದ್ದ ಎರಡೂ ಕೇಬಲ್‌ಗಳನ್ನು ಕಿತ್ತು ಹೊಸ ಎಸ್‌ಎಸ್‌ಡಿಗೆ ಸಿಕ್ಕಿಸಿದೆ. ಅಂಗಡಿಗೆ ಯಾರೂ ಸಿಡಿ ಹಿಡಿದು ಬರದೆ ಎಷ್ಟೋ ವರ್ಷಗಳಾಗಿದ್ದವು. ಮುಖ್ಯವಾದ ಕೆಲಸ ಇನ್ನೊಂದಿತ್ತು. ವಿಂಡೋಸ್ ಇದ್ದ ಹಳೆಯ ಡಿಸ್ಕಿನ ವಿದ್ಯುತ್ ಕೇಬಲನ್ನೂ ದತ್ತಾಂಶದ ಕೇಬಲನ್ನೂ ಕಿತ್ತು ಪಕ್ಕಕ್ಕೆ ಇಟ್ಟೆ.

ಹೀಗೆ ಮಾಡಿದ್ದಕ್ಕೆ ಕಾರಣವಿದೆ. ಮಿಂಟ್‌ನ ಅನುಸ್ಥಾಪಕ, ಅಂದರೆ ಅದನ್ನು ಡಿಸ್ಕಿಗೆ ಇಳಿಸುವ ತಂತ್ರಾಂಶ, ನಾವು ಎರಡನೇ ಡಿಸ್ಕನ್ನು ಆರಿಸಿದರೂ ಕೆಲವೊಮ್ಮೆ ಬೂಟ್ ಲೋಡರನ್ನು (ಯಂತ್ರ ಹೊತ್ತಿಸಿದಾಗ ವ್ಯವಸ್ಥೆಯನ್ನು ಎಬ್ಬಿಸುವ ತಂತ್ರಾಂಶ) ಮೊದಲ ಡಿಸ್ಕಿನಲ್ಲಿ ಅದಕ್ಕೆಂದೇ ಇರುವ ಇಎಫ್‌ಐ ವಿಭಾಗದಲ್ಲೇ ಬರೆದುಬಿಡುತ್ತದೆ ಎಂಬುದು ಬಳಕೆದಾರರ ಹಳೆಯ ದೂರು. ಹಾಗಾದರೆ ಡಿಸ್ಕುಗಳು ಎರಡಿದ್ದರೂ ಬಾಗಿಲು ಒಂದೇ ಆಗುತ್ತದೆ, ಮತ್ತು ಒಂದನ್ನು ತೆಗೆದರೆ ಇನ್ನೊಂದು ಏಳದೆ ಹೋಗಬಹುದು. ಹಳೆಯ ಡಿಸ್ಕಿನ ಸಂಪರ್ಕವೇ ಇಲ್ಲದಿದ್ದಾಗ ಅನುಸ್ಥಾಪಕದ ಕಣ್ಣಿಗೆ ಬೀಳುವುದು ಒಂದೇ ಡಿಸ್ಕು. "ಡಿಸ್ಕನ್ನು ಅಳಿಸಿ ಮಿಂಟ್ ಹಾಕು" ಎಂಬ, ಬೇರೆ ಸಂದರ್ಭದಲ್ಲಿ ಎದೆ ನಡುಗಿಸುವ ಆಯ್ಕೆಯನ್ನು ನಾನು ನಿಶ್ಚಿಂತೆಯಿಂದ ಒತ್ತಿದೆ. ಕಾಲವಲಯದ ನಕ್ಷೆಯಲ್ಲಿ ಕೋಲ್ಕತಾ ಆರಿಸಿ, ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಆಮೇಲೆ ಹಳೆಯ ಡಿಸ್ಕಿನ ಕೇಬಲ್‌ಗಳನ್ನು ಮತ್ತೆ ಸಿಕ್ಕಿಸಿದೆ. ಈಗ ಯಂತ್ರ ಹೊತ್ತಿಸುವಾಗ ಎಫ್12 ಒತ್ತಿದರೆ ಎರಡೂ ಡಿಸ್ಕುಗಳ ಹೆಸರು ಬರುತ್ತವೆ, ಬೇಕಾದ್ದನ್ನು ಆರಿಸಿಕೊಳ್ಳುತ್ತೇನೆ. ಮಿಂಟ್ ಬೇಡವಾದ ದಿನ ಎಸ್‌ಎಸ್‌ಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಕಂಪ್ಯೂಟರು ಹಳೆಯ ಸ್ಥಿತಿಗೆ ಮರಳುತ್ತದೆ.

ಮರುದಿನ ಬೆಳಿಗ್ಗೆ ವಿಂಡೋಸ್ ಎಂದಿನಂತೆಯೇ ತೆರೆದುಕೊಂಡಿತು. ಆದರೆ 10:45ಕ್ಕೆ ಮುದ್ರಿಸಿದ ರಸೀದಿಯ ಮೇಲೆ 5:15 ಎಂದಿತ್ತು. ರಸೀದಿ ಹಿಡಿದ ಗಿರಾಕಿ "ಇಷ್ಟು ನಸುಕಿನ್ಯಾಗ ಅಂಗಡಿ ತೆಗೀತೀರೇನ್ರಿ?" ಎಂದು ನಕ್ಕರು. ಇದು ಕೆಡುಕೇನಲ್ಲ, ಎರಡು ವ್ಯವಸ್ಥೆಗಳ ರೂಢಿಯ ಜಗಳ. ಮದರ್‌ಬೋರ್ಡಿನಲ್ಲಿರುವ ಗಡಿಯಾರ ಸ್ಥಳೀಯ ಸಮಯವನ್ನು ತೋರುತ್ತಿದೆ ಎಂದು ವಿಂಡೋಸ್ ನಂಬುತ್ತದೆ. ಅದು ಜಾಗತಿಕ ಸಮಯದಲ್ಲಿರಬೇಕು ಎಂದು ಲಿನಕ್ಸ್ ನಂಬಿ ತಿದ್ದಿಬಿಡುತ್ತದೆ. ಭಾರತದಲ್ಲಿ ಈ ಎರಡರ ನಡುವಿನ ಅಂತರ ಸರಿಯಾಗಿ ಐದೂವರೆ ಗಂಟೆ. ಮಿಂಟ್‌ನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯ ಮೂಲಕ ಸ್ಥಳೀಯ ಸಮಯವನ್ನೇ ಇಟ್ಟುಕೊಳ್ಳಲು ಹೇಳಿದ ಮೇಲೆ ಜಗಳ ನಿಂತಿತು. ನೋಟರಿಯ ಮುಂದೆ ಹೋಗುವ ಕಾಗದಗಳ ಮೇಲೆ ದಿನಾಂಕ, ಸಮಯ ಮುದ್ರಿಸುವ ನಮ್ಮಂಥವರು ಇದನ್ನು ಮೊದಲ ದಿನವೇ ಸರಿಪಡಿಸಿಕೊಳ್ಳಬೇಕು.

ಡೆಸ್ಕ್‌ಟಾಪ್ ಇದ್ದವನ ಕಥೆ ಇಷ್ಟು ಸಲೀಸು. ಒಂದೇ ಡಿಸ್ಕಿನ ಲ್ಯಾಪ್‌ಟಾಪ್ ಬೇರೆಯೇ ಪ್ರಾಣಿ. ನನ್ನ ಪ್ರಯೋಗ ಕಂಡು ಹುರುಪುಗೊಂಡ ತಂಗಿಯ ಮಗ ತನ್ನ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಮಿಂಟ್ ಹಾಕಲು ಹೊರಟ. ಲಿನಕ್ಸ್ ಹಾಕುವ ಮೊದಲು ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಬೂಟ್ ಲೋಡರನ್ನು ತಡೆಯುವ ಕಾವಲು) ನಿಲ್ಲಿಸಬೇಕು ಎಂದು ಯಾರೋ ಹೇಳಿದ್ದನ್ನು ನಂಬಿ ನಿಲ್ಲಿಸಿದ. ಮುಂದಿನ ಸಲ ಹೊತ್ತಿಸಿದಾಗ ನೀಲಿ ಪರದೆ ಬಂದು 48 ಅಂಕಿಗಳ ಬಿಟ್‌ಲಾಕರ್ ಕೀಲಿ ಕೇಳಿತು. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್‌ನ ಹೆಸರನ್ನೇ ಅವನು ಅಲ್ಲಿಯವರೆಗೆ ಕೇಳಿರಲಿಲ್ಲ. ಮೈಕ್ರೋಸಾಫ್ಟ್ ಖಾತೆಯೊಂದಿಗೆ ವಿಂಡೋಸ್ 11ನ್ನು ಆರಂಭಿಸಿದರೆ ಹಲವು ಯಂತ್ರಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ತಾನಾಗಿ ಚಾಲೂ ಆಗುತ್ತದೆ, ಮತ್ತು ಕೀಲಿಯ ಪ್ರತಿ ಆ ಖಾತೆಯಲ್ಲಿ ಉಳಿಯುತ್ತದೆ. ತೊಡಕೆಂದರೆ, ಖಾತೆ ತೆರೆದವನು ಹುಡುಗನಲ್ಲ. ಲ್ಯಾಪ್‌ಟಾಪ್ ಮಾರಿದ ಅಂಗಡಿಯವರು "ಎಲ್ಲಾ ರೆಡಿ ಮಾಡಿ ಕೊಟ್ಟೀವಿ" ಎಂದು ತಮ್ಮದೇ ಖಾತೆಯಲ್ಲಿ ತೆರೆದುಕೊಟ್ಟಿದ್ದರು. ಅವರಿಂದ ಕೀಲಿ ತರಿಸಿಕೊಳ್ಳುವಷ್ಟರಲ್ಲಿ ಮೂರು ದಿನ ಕಳೆದವು, ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನವೂ ಕಳೆಯಿತು. ಇಷ್ಟಕ್ಕೂ ಸೆಕ್ಯೂರ್ ಬೂಟ್ ನಿಲ್ಲಿಸುವ ಅಗತ್ಯವೇ ಇರಲಿಲ್ಲ. ಮಿಂಟ್ ಅದು ಚಾಲೂ ಇದ್ದಾಗಲೂ ನಡೆಯುತ್ತದೆ. ಹೊಸ ಲ್ಯಾಪ್‌ಟಾಪ್ ಕೊಂಡವರು ಲಿನಕ್ಸ್ ಹಾಕಲಿ ಬಿಡಲಿ, ಯಂತ್ರ ಯಾರ ಖಾತೆಯಲ್ಲಿದೆ ಎಂದು ಇವತ್ತೇ ನೋಡಿಕೊಂಡು, ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ.

ಆಮೇಲೆ ನಾವಿಬ್ಬರೂ ಕೂತು ಕ್ರಮವಾಗಿ ಮಾಡಿದೆವು. ಮೊದಲು ಅವನ ಕಡತಗಳೆಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿದೆವು. ಪವರ್ ಆಯ್ಕೆಗಳಿಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ತೆಗೆದೆವು. ಇದು ಚಾಲೂ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆಗಣ್ಣು ತೆರೆದೇ ಇರುತ್ತದೆ. ತನ್ನ ಅರ್ಧ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟಿರುವುದರಿಂದ ಆ ವಿಭಾಗಕ್ಕೆ ಇನ್ನೊಂದು ವ್ಯವಸ್ಥೆ ಕೈ ಹಾಕಿದರೆ ಕಡತಗಳು ಕೆಡಬಹುದು. ಇದನ್ನು ಅರಿತ ಲಿನಕ್ಸ್ ಅಂಥ ವಿಭಾಗವನ್ನು ಓದಲು ಮಾತ್ರ ತೆರೆಯುತ್ತದೆ, ಬರೆಯಲು ಒಪ್ಪುವುದಿಲ್ಲ. ಬಿಟ್‌ಲಾಕರನ್ನು ತೆಗೆದು, ಗೂಢಲಿಪಿ ಪೂರ್ತಿ ಬಿಚ್ಚುವವರೆಗೆ ಕಾದೆವು. ಜಾಗ ಕತ್ತರಿಸುವ ಕೆಲಸವನ್ನು ಮಿಂಟ್‌ನ ಅನುಸ್ಥಾಪಕಕ್ಕೆ ಬಿಡದೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿದೆವು. ತನ್ನ ಮನೆಯ ಗೋಡೆ ಎಲ್ಲಿದೆ ಎಂಬುದು ಅದಕ್ಕೇ ಚೆನ್ನಾಗಿ ಗೊತ್ತು. ಸ್ಥಳ ಬದಲಿಸಲಾಗದ ಕೆಲವು ಕಡತಗಳು ನಡುವೆ ಕೂತಿರುವುದರಿಂದ ಎಷ್ಟೋ ಸಲ ಖಾಲಿ ಕಾಣುವ ಜಾಗವೆಲ್ಲ ಸಿಗುವುದಿಲ್ಲ. ನಮಗೆ 80 ಜಿಬಿ ಸಿಕ್ಕಿತು. ಮಿಂಟ್ ಕನಿಷ್ಠ 20 ಜಿಬಿ ಕೇಳುತ್ತದೆ, 100 ಜಿಬಿ ಇದ್ದರೆ ಒಳ್ಳೆಯದು ಎನ್ನುತ್ತದೆ. ಅನುಸ್ಥಾಪಕ ತೆರೆದಾಗ "ವಿಂಡೋಸ್ ಜೊತೆಗೆ ಹಾಕು" ಮತ್ತು "ಡಿಸ್ಕನ್ನು ಅಳಿಸಿ ಹಾಕು" ಎಂಬ ಎರಡು ಆಯ್ಕೆಗಳು ಒಂದರ ಕೆಳಗೊಂದು ನಿಂತಿರುತ್ತವೆ. ನಾನು ಅಂಗಡಿಯಲ್ಲಿ ಧೈರ್ಯವಾಗಿ ಒತ್ತಿದ ಎರಡನೆಯ ಆಯ್ಕೆಯನ್ನೇ ಇಲ್ಲಿ ಒತ್ತಿದ್ದರೆ ವಿಂಡೋಸ್ ಸಮೇತ ಎಲ್ಲವೂ ಹೋಗುತ್ತಿತ್ತು.

ಪ್ರತ್ಯೇಕ ಡಿಸ್ಕು ಎಲ್ಲ ರೋಗಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಒಂದು ಹಳೆಯ, ದೋಷವಿರುವ ಬೂಟ್ ಲೋಡರ್‌ಗಳನ್ನು ತಡೆಯುವ ಪಟ್ಟಿಯನ್ನು ನವೀಕರಿಸಿತು. ಪರಿಣಾಮವಾಗಿ ಸೆಕ್ಯೂರ್ ಬೂಟ್ ಚಾಲೂ ಇದ್ದ ಎಷ್ಟೋ ಜೋಡಿ ವ್ಯವಸ್ಥೆಯ ಯಂತ್ರಗಳಲ್ಲಿ ಲಿನಕ್ಸ್ ಏಳದೆ ಹೋಯಿತು. ಆ ಪಟ್ಟಿ ಮದರ್‌ಬೋರ್ಡಿನ ಸ್ಮೃತಿಯಲ್ಲಿ ಕೂರುವುದರಿಂದ ಡಿಸ್ಕು ಯಾವುದಾದರೂ ಪರಿಣಾಮ ಒಂದೇ. ಹಾಗಾಗಿ ಹೊಸ ಆವೃತ್ತಿಯ ಲೈವ್ ಪೆನ್‌ಡ್ರೈವ್ ಒಂದನ್ನು ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.

ಇನ್ನು ಮಿಂಟ್ ಒಳಗೆ ಕೆಲಸ ಹೇಗೆ ನಡೆಯುತ್ತದೆ ಎಂಬುದು. ನಾನು ಹಾಕಿಕೊಂಡ ಸಿನಮನ್ ಎಂಬ ಆವೃತ್ತಿಯ ಕೆಳಪಟ್ಟಿ, ಮೆನು, ಗಡಿಯಾರ ಎಲ್ಲವೂ ವಿಂಡೋಸ್ ಕಂಡ ಕಣ್ಣಿಗೆ ಪರಿಚಿತ; ಅಂಗಡಿಯ ಹುಡುಗನಿಗೆ ನಾನು ಏನನ್ನೂ ಹೇಳಿಕೊಡಬೇಕಾಗಲಿಲ್ಲ. ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತದ ಕನ್ನಡ ಅಕ್ಷರಗಳು ಪರದೆಯ ಮೇಲೂ ಕಾಗದದ ಮೇಲೂ ಸ್ವಚ್ಛ. ಗುಬ್ಬಿ, ನವಿಲು ಫಾಂಟ್‌ಗಳನ್ನು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ಹಾಕಿಕೊಂಡೆ. ಮೆನುಗಳ ಕನ್ನಡ ಅನುವಾದ ಮಾತ್ರ ಅರ್ಧಂಬರ್ಧ ಇರುವುದರಿಂದ ಒಂದು ಸಾಲು ಕನ್ನಡ, ಮುಂದಿನ ಸಾಲು ಇಂಗ್ಲಿಷ್ ಎಂಬಂತೆ ಕಾಣುತ್ತದೆ. ಎರಡು ದಿನ ನೋಡಿ ಮೆನುವನ್ನು ಇಂಗ್ಲಿಷಿಗೇ ಬದಲಿಸಿದೆ.

ನಿಜವಾದ ಗಂಟು ಇರುವುದು ಹಳೆಯ ಕಡತಗಳಲ್ಲಿ. ಹದಿನೈದು ವರ್ಷಗಳ ನುಡಿ ಕಡತಗಳು, ಅಂದರೆ ಯೂನಿಕೋಡ್ ಅಲ್ಲದ ಹಳೆಯ ಸಂಕೇತದಲ್ಲಿ ಬರೆದವು, ನನ್ನ ಬಳಿ ಸಾವಿರಗಟ್ಟಲೆ ಇವೆ. ಮಿಂಟ್‌ನ ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ದೊಡ್ಡಕ್ಷರ, ಚಿಕ್ಕಕ್ಷರ, ತಲೆಯ ಮೇಲೆ ಗೆರೆ ಹೊತ್ತ ಯುರೋಪಿನ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ನುಡಿಯ ಫಾಂಟ್ ಕಡತಗಳನ್ನು ವಿಂಡೋಸ್‌ನಿಂದ ತಂದು ಫಾಂಟ್ ಕೋಶಕ್ಕೆ ಹಾಕಿದ ಮೇಲೆ ಅದೇ ಕಡತಗಳು ಕನ್ನಡದಲ್ಲೇ ತೆರೆದುಕೊಂಡವು, ಮುದ್ರಣವೂ ಸರಿಯಾಗಿ ಬಂತು. ಆದರೆ ತಿದ್ದುಪಡಿ ಆಗದು. ಕೀಲಿ ಒತ್ತಿದಂತೆ ಆ ಹಳೆಯ ಸಂಕೇತಗಳನ್ನು ಹುಟ್ಟಿಸುವ ತಂತ್ರಾಂಶ ವಿಂಡೋಸ್‌ನದು. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆಯಾದರೂ ಪರಿವರ್ತನೆಯ ನಂತರ ಪ್ರತಿ ಸಾಲನ್ನೂ ಕಣ್ಣಿಟ್ಟು ಓದಲೇಬೇಕು. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಈ ಸ್ಥಾನಪಲ್ಲಟದಲ್ಲಿ ಎಡವಿದರೆ ಖರೀದಿ ಪತ್ರದ "ಸರ್ವೆ ನಂಬರ್" ಓದಲಾಗದ ರೂಪ ತಾಳುತ್ತದೆ. ಪುಟ ವಿನ್ಯಾಸದ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ನಮ್ಮ ಊರಿನ ಲಗ್ನಪತ್ರಿಕೆಗಳ ಕಡತಗಳು ಇನ್ನೂ ಅದರಲ್ಲೇ ಇವೆ. ಉರ್ದು ಪತ್ರಿಕೆಗಳಿಗೆ ಬಳಸುವ ಇನ್‌ಪೇಜ್ ಕೂಡ ವಿಂಡೋಸ್‌ಗೆ ಮಾಡಿದ್ದೇ. ನಿಕಾಹ್ ಕಾರ್ಡು, ಗೃಹಪ್ರವೇಶದ ಕಾರ್ಡು ಎರಡನ್ನೂ ಒಂದೇ ಮೇಜಿನ ಮೇಲೆ ಮಾಡಬೇಕಾದ ಕಲಬುರಗಿಯ ಡಿಟಿಪಿಯವನು ವಿಂಡೋಸನ್ನು ಪೂರ್ತಿ ಬಿಡಲು ಇನ್ನೂ ಕಾಲ ಬೇಕು. ಟ್ಯಾಲಿ ನಂಬಿದ ದಾಲ್ ಮಿಲ್ಲಿನ ಲೆಕ್ಕಿಗರ ಪಾಡೂ ಇದೇ.

ಇದಕ್ಕೆ ಸಮನಾದ ಲಾಭವೊಂದು ನಾನು ನಿರೀಕ್ಷಿಸದ ಕಡೆಯಿಂದ ಬಂತು. ನಮ್ಮಲ್ಲಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಪೆನ್‌ಡ್ರೈವ್‌ಗಳು ಬರುತ್ತವೆ. ಅವುಗಳಲ್ಲಿ ಎರಡು ಮೂರರಲ್ಲಾದರೂ ಫೋಲ್ಡರ್‌ಗಳೆಲ್ಲ ಮಾಯವಾಗಿ ಅವುಗಳ ಜಾಗದಲ್ಲಿ ಶಾರ್ಟ್‌ಕಟ್‌ಗಳಿರುತ್ತವೆ, ಅದನ್ನು ಒತ್ತಿದರೆ ವೈರಸ್ ನಮ್ಮ ಯಂತ್ರಕ್ಕೂ ಇಳಿಯುತ್ತದೆ. ಕಳೆದ ತಿಂಗಳು ಹುಡುಗಿಯೊಬ್ಬಳು ಇಂಥದ್ದೇ ಪೆನ್‌ಡ್ರೈವ್ ತಂದು, ತನ್ನ ಅಂಕಪಟ್ಟಿಯ ಪ್ರತಿಗಳೆಲ್ಲ ಅಳಿಸಿಹೋಗಿವೆ ಎಂದು ಅಳುಮೋರೆ ಮಾಡಿಕೊಂಡಳು. ಮಿಂಟ್‌ನಲ್ಲಿ ಸಿಕ್ಕಿಸಿದಾಗ ವೈರಸ್ಸಿನ ನಾಟಕ ಅಲ್ಲಿ ನಡೆಯಲಿಲ್ಲ. ಶಾರ್ಟ್‌ಕಟ್ ಎಂಬುದು ಬರೀ ಒಂದು ಕಡತವಾಗಿ ಕೂತಿತ್ತು, ವಿಂಡೋಸ್ ಬಚ್ಚಿಟ್ಟಿದ್ದ ಹೆಸರಿಲ್ಲದ ಫೋಲ್ಡರ್ ಅದರ ಪಕ್ಕದಲ್ಲೇ ಕಾಣುತ್ತಿತ್ತು. ಒಳಗೆ ಎಲ್ಲ ಅಂಕಪಟ್ಟಿಗಳೂ ಇದ್ದವು. ಅಂದಿನಿಂದ ಹೊರಗಿನ ಪೆನ್‌ಡ್ರೈವ್ ಮೊದಲು ಮಿಂಟ್‌ಗೇ ಹೋಗಬೇಕೆಂದು ಅಂಗಡಿಯಲ್ಲಿ ನಿಯಮ ಮಾಡಿದ್ದೇನೆ.

ಹೀಗೆ ಎರಡು ವ್ಯವಸ್ಥೆಗಳು ಆರು ತಿಂಗಳಲ್ಲಿ ಕೆಲಸವನ್ನು ತಾವಾಗಿ ಹಂಚಿಕೊಂಡವು. ಇಂಟರ್ನೆಟ್, ಆನ್‌ಲೈನ್ ಅರ್ಜಿ, ಸ್ಕ್ಯಾನಿಂಗ್, ಹೊಸ ಕನ್ನಡ ಟೈಪಿಂಗ್ ಮಿಂಟ್‌ನಲ್ಲಿ. ಹಳೆಯ ನುಡಿ ಕಡತ, ಪೇಜ್‌ಮೇಕರ್, ಇನ್‌ಪೇಜ್ ವಿಂಡೋಸ್‌ನಲ್ಲಿ. ವಿಂಡೋಸ್ 10ಕ್ಕೆ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸಿದ್ದಾರೆ. ನಾನು ಅದನ್ನು ಕಾಯದೆ ಆ ಕಡೆಯ ನೆಟ್‌ವರ್ಕನ್ನೇ ನಿಲ್ಲಿಸಿಬಿಟ್ಟಿದ್ದೇನೆ. ಮಿಂಟ್ 22ರ ಸರಣಿಗೆ 2029ರ ಏಪ್ರಿಲ್‌ವರೆಗೆ ಬೆಂಬಲವಿದೆ. ಮಿಂಟ್ ಜೊತೆಗೇ ಬರುವ ಟೈಮ್‌ಶಿಫ್ಟ್ ಎಂಬ ಸಾಧನ ವ್ಯವಸ್ಥೆಯ ಪ್ರತಿಯನ್ನು ಆಗಾಗ ತೆಗೆದಿಡುತ್ತದೆ. ಪ್ರಿಂಟರ್ ಡ್ರೈವರ್ ಹುಡುಕುವ ಭರದಲ್ಲಿ ನಾನು ಏನೇನೋ ಹಾಕಿ ಕೆಡಿಸಿಕೊಂಡ ಸಂಜೆ, ಹಿಂದಿನ ದಿನದ ಸ್ಥಿತಿಗೆ ಮರಳಿಸಿದ್ದು ಅದೇ. ಅದು ಕಾಯುವುದು ವ್ಯವಸ್ಥೆಯನ್ನು ಮಾತ್ರ, ನಮ್ಮ ದಾಖಲೆಗಳನ್ನಲ್ಲ ಎಂಬುದು ಗೊತ್ತಿರಬೇಕು. ಗಿರಾಕಿಗಳ ಕಡತಗಳ ಪ್ರತಿ ಹೊರಗಿನ ಡಿಸ್ಕಿನಲ್ಲಿ ಬೇರೆಯೇ ಇರಬೇಕು.

ಪ್ರಿಂಟರಿನ ಸಮಸ್ಯೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಲೇಸರ್‌ನಲ್ಲಿ ಐದಾರು ಪುಟ ಸರಿಯಾಗಿ ಬಂದ ಮೇಲೆ ಮುದ್ರಣದ ಸರದಿ ನಿಂತುಬಿಡುತ್ತದೆ, ಪ್ರಿಂಟರನ್ನು ಆರಿಸಿ ಹೊತ್ತಿಸಬೇಕು. ಛಾಪಾ ಕಾಗದದ ಮೇಲೆ ಮುದ್ರಿಸುವಾಗ ಅಂಥ ಅಪಾಯಕ್ಕೆ ಕೈ ಹಾಕುವಂತಿಲ್ಲ, ಹಾಗಾಗಿ ಆ ಕೆಲಸ ಬಂದಾಗ ಎಫ್12 ಒತ್ತಿ ಹಳೆಯ ಡಿಸ್ಕಿಗೆ ಹೋಗುತ್ತೇನೆ.